ರಕ್ಕಸನ ಮೊಗವನ್ನು ಬರೆಯಬಾರದೆ?

ಚಿತ್ರಕಲೆಯ ಪಾಠದಲ್ಲಿ ಮಾವಿನಕಾಯಿ, ಹೂಜಿ, ನವಿಲುಗಳಿಗೆ ಎಡೆಯುಂಟು, ವಿಕಾರಾಕೃತಿಗಳಿಗಿಲ್ಲ ಎಂಬ ಅಲಿಖಿತ ಕಟ್ಟಳೆಯೊಂದು ನಮ್ಮಲ್ಲಿ ನಡೆದುಬಂದಿದೆ. ಕಳೆದ ವರ್ಷ ನಮ್ಮ ತರಗತಿಯ ಮಕ್ಕಳು ಇಂಗ್ಲಿಷಿನ ಒಂದು ಭಯಾನಕ ಕಾದಂಬರಿಯ ಕಥೆಯನ್ನು ಕನ್ನಡದಲ್ಲಿ ಕೇಳಿ, ಅದರ ವಿಕಾರಪುರುಷನ ಮುಖವನ್ನು ಬರೆದಿದ್ದರು. ಚಿತ್ರಗಳನ್ನು ಗೋಡೆಗೆ ಹಚ್ಚಿದೆವು. ಶಾಲೆಗೆ ಬಂದ ಹಿರಿಯರೊಬ್ಬರು, “ಪಿಶಾಚಿಗಳನ್ನು ಬರೆಯಿಸಿ ಎಳೆಯರ ಮನಸ್ಸನ್ನು ಕೆಡಿಸುವಿರಾ?” ಎಂದರು. ಮರುದಿನ ಗೋಡೆ ಬರಿದಾಯಿತು. ಅಂದು ನಾವು ಸುಮ್ಮನಿದ್ದೆವು. ಸುಮ್ಮನಿದ್ದುದು ತಪ್ಪೆಂದು ಬಗೆದು ಇಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಆ ಕಾದಂಬರಿ 1818ರಲ್ಲಿ ಪ್ರಕಟವಾದ ‘ಫ್ರಾಂಕೆನ್‌ಸ್ಟೈನ್’. 1816ರ ಬೇಸಗೆಯಲ್ಲಿ ಜಿನೀವಾ ಸರೋವರದ ದಡದಲ್ಲಿ ಅದನ್ನು ಬರೆಯತೊಡಗಿದಾಗ ಮೇರಿ ಶೆಲ್ಲಿಗೆ ಹದಿನೆಂಟೇ ವರ್ಷ. ಫ್ರಾಂಕೆನ್‌ಸ್ಟೈನ್ ಎಂಬುದು ವಿಕಾರಪುರುಷನ ಹೆಸರಲ್ಲ, ಅವನನ್ನು ಸೃಷ್ಟಿಸಿದ ತರುಣನದು. ಸೃಷ್ಟಿಗೊಂಡವನಿಗೆ ಹೆಸರೇ ಇಲ್ಲ. ಎಂಟು ಅಡಿಯ ಎತ್ತರ, ಒಳಗಣ ಸ್ನಾಯುಗಳನ್ನು ಅರೆಬರೆಯಾಗಿ ಮುಚ್ಚಿದ ಹಳದಿ ಚರ್ಮ, ಹೊಳೆಯುವ ಕರಿಗೂದಲು, ಮುತ್ತಿನಂಥ ಹಲ್ಲು, ಅವುಗಳ ನಡುವೆ ನೀರೂರಿದ ಕಣ್ಣು, ಕಪ್ಪು ತುಟಿ. ಚೆಲುವಾದ ಅವಯವಗಳನ್ನೇ ಆರಿಸಿ ಜೋಡಿಸಿದರೂ ಒಟ್ಟು ರೂಪ ಘೋರವಾಯಿತು ಎಂಬುದೇ ಲೇಖಕಿಯ ಕಾಣ್ಕೆ.

ಇದನ್ನು ಚಿತ್ರಿಸಿದವರು ಮಾಡಿದುದೇನು? 1831ರ ಆವೃತ್ತಿಗೆ ಥಿಯೊಡೋರ್ ಫಾನ್ ಹೋಲ್ಸ್ಟ್ ಬರೆದ ಮುಖಚಿತ್ರದಲ್ಲಿ ನೆಲದ ಮೇಲೆ ಬೆರಗುಗೊಂಡು ಕುಳಿತ, ಬಲಿಷ್ಠ ಮೈಕಟ್ಟಿನ ಮನುಷ್ಯನೊಬ್ಬನಿದ್ದಾನೆ. ಸರಿಯಾಗಿ ನೂರು ವರ್ಷಗಳ ಬಳಿಕ, 1931ರ ಚಲನಚಿತ್ರಕ್ಕಾಗಿ ಜಾಕ್ ಪಿಯರ್ಸ್ ಎಂಬ ಪ್ರಸಾಧನಕಾರ ನಟ ಬೋರಿಸ್ ಕಾರ್ಲಾಫನಿಗೆ ಚಪ್ಪಟೆ ನೆತ್ತಿಯನ್ನೂ ಕೊರಳಿಗೆ ಲೋಹದ ಮೊಳೆಗಳನ್ನೂ ಇಟ್ಟ. ಕಾದಂಬರಿಯಲ್ಲಿ ಇವೆರಡೂ ಇಲ್ಲ. ಆದರೆ ಇಂದು ಎಲ್ಲರೂ ನಕಲು ಮಾಡುವುದು ಅದನ್ನೇ! 1897ರ ‘ಡ್ರಾಕುಲಾ’ದ ಗತಿಯೂ ಇಷ್ಟೆ. ಬ್ರಾಮ್ ಸ್ಟೋಕರನ ಕಾದಂಬರಿಯಲ್ಲಿ ಆತನಿಗೆ ಉದ್ದನೆಯ ಬಿಳಿಯ ಮೀಸೆಯುಂಟು. 1931ರ ಚಲನಚಿತ್ರದಲ್ಲಿ ಬೇಲಾ ಲುಗೋಸಿಯ ಮುಖ ನುಣ್ಣಗಿದೆ. ಅಂದಿನಿಂದ ಚಿತ್ರಗಾರರ ಕುಂಚಕ್ಕೆ ಮೀಸೆಯ ನೆನಪೇ ಹೋಯಿತು.

ಆದುದರಿಂದ ನಮ್ಮ ಜಗಳ ಇಬ್ಬರೊಡನೆ. ಬರೆಯಲೇಬಾರದೆನ್ನುವವರೊಡನೆ ಒಂದು, ಓದದೆ ಬರೆಯುವವರೊಡನೆ ಇನ್ನೊಂದು. ಫೋನಿನ ಚಿತ್ರವನ್ನು ನೋಡಿ ನಕಲಿಸುವುದು ಕೈಯ ಕೆಲಸ. ಮಾತನ್ನು ಕೇಳಿ ಮುಖವನ್ನು ಕಾಣುವುದು ಮನಸ್ಸಿನ ಕೆಲಸ. ‘ನೀರೂರಿದ ಕಣ್ಣು’ ಎಂದಾಗ ನಮ್ಮ ಹುಡುಗನೊಬ್ಬ, “ಅದು ಅಳುವಿನ ನೀರೋ, ರೋಗದ ನೀರೋ?” ಎಂದು ಕೇಳಿದ. ಅರ್ಧ ಗಂಟೆ ತರಗತಿಯೆಲ್ಲ ಅದನ್ನೇ ಚರ್ಚಿಸಿತು. ಗಡಿನಾಡಿನಲ್ಲಿ ಮಕ್ಕಳ ಕನ್ನಡ ತೆಳುವಾಗುತ್ತಿದೆಯೆಂದು ಸಭೆಸಭೆಗಳಲ್ಲಿ ಹಲುಬುವ ನಾವು, ಒಂದು ಕನ್ನಡ ಪದಕ್ಕಾಗಿ ಮಕ್ಕಳು ಅರ್ಧ ಗಂಟೆ ಕಾದಾಡಿದ ಗೋಡೆಯನ್ನು ಬರಿದುಮಾಡುವುದು ಯಾವ ನ್ಯಾಯ?

ಭಯದಿಂದ ಮನಸ್ಸು ಕೆಡುವುದೆಂಬ ಆಕ್ಷೇಪಕ್ಕೆ ಕಾದಂಬರಿಯೇ ಉತ್ತರ ಹೇಳುತ್ತದೆ. ಆ ಅನಾಥನು ಬಡ ಸಂಸಾರವೊಂದರ ಮನೆಯ ಮಗ್ಗುಲಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಪಾಠ ಕೇಳಿ ಭಾಷೆ ಕಲಿಯುತ್ತಾನೆ. ಪ್ಲುಟಾರ್ಕನನ್ನೂ ಮಿಲ್ಟನನನ್ನೂ ಓದುತ್ತಾನೆ. ಮನೆಯ ಕುರುಡ ಮುದುಕನು ಅವನೊಡನೆ ಅಕ್ಕರೆಯಿಂದ ಮಾತಾಡುತ್ತಾನೆ. ಕಣ್ಣುಳ್ಳ ಮಗ ಬಂದು ಕೋಲಿನಿಂದ ಹೊಡೆಯುತ್ತಾನೆ. ಅಲ್ಲಿಂದ ಮುಂದೆ ಅವನ ಎದೆ ಕಲ್ಲಾಗುತ್ತದೆ. ಇಂಥವನ ಮುಖವನ್ನು ಬರೆಯುವ ಮಗು ಕ್ರೌರ್ಯವನ್ನು ಕಲಿಯುವುದೋ, ಕನಿಕರವನ್ನೋ?

ವಿಕಾರರೂಪ ನಮ್ಮ ಕಾಸರಗೋಡಿಗೆ ಹೊಸದೂ ಅಲ್ಲ. ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯನ್ನು ತಾಸುಗಟ್ಟಲೆ ಕುಳಿತು ಮುಖಕ್ಕೆ ಇಡುವುದನ್ನು ಕಾಣದ ಮಗು ನಮ್ಮಲ್ಲಿ ವಿರಳ. ರಾವಣನ ಬಣ್ಣ ಬೇರೆ, ಶೂರ್ಪನಖಿಯ ಹೆಣ್ಣುಬಣ್ಣ ಬೇರೆ. ಪಾತ್ರವನ್ನರಿತು ಬಣ್ಣ ಹಾಕಬೇಕೆಂಬುದು ಅಲ್ಲಿಯ ಕಟ್ಟು. ಆ ವೇಷಕ್ಕೆ ಕೈತಟ್ಟುವ ಹಿರಿಯರೇ ಮಗುವಿನ ಚಿತ್ರಕ್ಕೆ ಹುಬ್ಬು ಗಂಟಿಕ್ಕುವುದು ಸಲ್ಲದು.

ಸಹೋದ್ಯೋಗಿಗಳೇ, ಕಥೆಯನ್ನು ಮೊದಲು ಓದಿ ಹೇಳಿರಿ. ಸಿನಿಮಾದ ಚಿತ್ರವನ್ನು ಆಮೇಲೆ ತೋರಿಸಿರಿ. ವಿದ್ಯಾರ್ಥಿಗಳೇ, ಮಾತಿನಲ್ಲಿ ಇದ್ದುದನ್ನು ಬಿಡದೆ ಬರೆಯಿರಿ, ಹೆದರದೆ ಬರೆಯಿರಿ. ಈ ವರ್ಷ ನಮ್ಮ ಗೋಡೆಯ ಮೇಲೆ ಆ ಚಿತ್ರಗಳನ್ನು ಮತ್ತೆ ಹಚ್ಚಲಿದ್ದೇವೆ. ಆಕ್ಷೇಪವುಳ್ಳ ಹಿರಿಯರು ಅವಶ್ಯವಾಗಿ ಬರಲಿ. ಬರೆದ ಮಕ್ಕಳೇ ಅವರಿಗೆ ಕಥೆ ಹೇಳುವರು.