ತಂದೆ ಕೇಳಿಸಿಕೊಂಡ ಹಾಡು

ಪಾಶ್ಚಾತ್ಯ ಜನಪ್ರಿಯ ಸಂಗೀತದ ವಿಮರ್ಶಕರಲ್ಲಿ ಬಹುಕಾಲದಿಂದ ರೂಢವಾಗಿರುವ ಒಂದು ತಾರತಮ್ಯವುಂಟು: ಕ್ರೋಧವನ್ನೂ ಪ್ರತಿಭಟನೆಯನ್ನೂ ಗಿಟಾರಿನ ಅಬ್ಬರದಲ್ಲಿ ಹೊರಗೆಡಹುವವನು ಕಲಾವಿದನೆನಿಸುತ್ತಾನೆ, ಮನೆಯನ್ನು, ಮಡದಿಯನ್ನು, ಮುಪ್ಪಿನ ತಂದೆಯನ್ನು ಕುರಿತು ಮೆಲುದನಿಯಲ್ಲಿ ಹಾಡುವವನು ಬರಿಯ ಭಾವುಕನೆಂದು ಬದಿಗೆ ಸರಿಯಬೇಕಾಗುತ್ತದೆ. ಎಪ್ಪತ್ತರ ದಶಕದ ಅಮೆರಿಕದಲ್ಲಿ 'ಸಾಫ್ಟ್ ರಾಕ್' ಎಂಬ ಹೆಸರಿನಿಂದ ಪ್ರಚುರವಾದ ಸಂಗೀತವು ಮನೆಮನೆಯ ರೇಡಿಯೋದಲ್ಲಿ ಎಷ್ಟು ಆದರವನ್ನು ಪಡೆಯಿತೋ ವಿಮರ್ಶೆಯ ಪುಟಗಳಲ್ಲಿ ಅಷ್ಟೇ ಅವಜ್ಞೆಯನ್ನೂ ಅನುಭವಿಸಿತು. ಆ ಅವಜ್ಞೆಗೆ ಗುರಿಯಾದವರಲ್ಲಿ ಡ್ಯಾನ್ ಫೋಗಲ್‌ಬರ್ಗ್ ಒಬ್ಬರು. ಈ ಸಂಚಿಕೆಯ ಮೊದಲ ಪುಟವನ್ನು ಅವರಿಗೆ ಮೀಸಲಿಡುವುದಕ್ಕೆ ನಮಗೆ ಒಂದೇ ಒಂದು ಕಾರಣವಿದೆ. ಅದನ್ನು ಹೇಳುವ ಮುನ್ನ ಅವರ ಜೀವನವೃತ್ತಾಂತವನ್ನು ಕೊಂಚ ವಿವರಿಸಬೇಕು.

ಇಲಿನಾಯ್ ಸಂಸ್ಥಾನದ ಪಿಯೋರಿಯಾ, ಇಲಿನಾಯ್ ನದಿಯ ದಡದಲ್ಲಿರುವ ಒಂದು ಕೈಗಾರಿಕಾ ಪಟ್ಟಣ. ಅಲ್ಲಿ 1951ನೆಯ ಆಗಸ್ಟ್ 13ರಂದು ಮೂವರು ಗಂಡುಮಕ್ಕಳಲ್ಲಿ ಕಿರಿಯವರಾಗಿ ಡ್ಯಾನ್ ಹುಟ್ಟಿದರು. ತಾಯಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಪಿಯಾನೋ ವಾದಕಿ. ತಂದೆ ಲಾರೆನ್ಸ್ ಫೋಗಲ್‌ಬರ್ಗ್ ಪ್ರೌಢಶಾಲೆಗಳಲ್ಲಿಯೂ ಬ್ರಾಡ್ಲಿ ವಿಶ್ವವಿದ್ಯಾಲಯದಲ್ಲಿಯೂ ವಾದ್ಯಮೇಳಗಳನ್ನು ಕಟ್ಟಿ, ತಿದ್ದಿ, ನಡೆಸಿದ ಉಪಾಧ್ಯಾಯರು. ಧ್ವನಿಮುದ್ರಿಕೆಗಳಿಂದ ಹೆಸರಾದವರಲ್ಲ, ಮಹಾನಗರದ ಸಭಾಂಗಣಗಳು ಕರೆದು ಮನ್ನಿಸಿದವರೂ ಅಲ್ಲ. ವರ್ಷವರ್ಷವೂ ಹೊಸದಾಗಿ ಬರುವ ಹುಡುಗರ ಕೈಗೆ ಕಹಳೆಯನ್ನೋ ಕ್ಲಾರಿನೆಟ್ಟನ್ನೋ ಕೊಟ್ಟು, ಅಪಸ್ವರಗಳನ್ನು ತಾಳ್ಮೆಯಿಂದ ಸಹಿಸಿ, ಕಡೆಗೆ ಅವರೆಲ್ಲರನ್ನೂ ಒಂದೇ ಲಯಕ್ಕೆ ತಂದು ನಿಲ್ಲಿಸುವ ಕಾಯಕದಲ್ಲಿ ಆಯುಷ್ಯವನ್ನು ಸವೆಸಿದವರು. ಇನ್ನೂ ಎಳೆಯ ಮಗುವಾಗಿದ್ದಾಗಲೇ ತಂದೆಯ ಮೇಳದ ಮುಂದೆ ನಿಂತು ಅದನ್ನು 'ನಡೆಸಿದ' ನೆನಪು ಮಗನಿಗೆ ಕೊನೆಯವರೆಗೂ ಇದ್ದಿತು.

ಗಿಟಾರ್ ಅವರಿಗೆ ದೊರೆತದ್ದು ಅಜ್ಜನಿಂದ. ಅದು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸುತ್ತ ನುಡಿಸುವ ಹವಾಯಿಯನ್ ಗಿಟಾರ್. ಪಾಠಪುಸ್ತಕವೊಂದನ್ನು ಮುಂದಿಟ್ಟುಕೊಂಡು ಬಾಲಕ ತಾನಾಗಿಯೇ ಅದನ್ನು ಅಭ್ಯಾಸ ಮಾಡಿದನು. ಪಿಯಾನೋ ಕೂಡ ಕೈಗೆ ಹತ್ತಿತು. ಹದಿನಾಲ್ಕರ ಹರೆಯದಲ್ಲಿ ಗೆಳೆಯರೊಡನೆ ಬೀಟಲ್ಸ್ ಹಾಡುಗಳನ್ನು ಹಾಡತೊಡಗಿದನು. ಮುಂದೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನೂ ನಾಟಕಕಲೆಯನ್ನೂ ಓದುತ್ತಿದ್ದಾಗ, ಅಲ್ಲಿನ ಒಂದು ಕಾಫಿಗೃಹದಲ್ಲಿ ಏಕಾಂಗಿಯಾಗಿ ಹಾಡುತ್ತಿದ್ದ ಈ ತರುಣನನ್ನು ಇರ್ವಿಂಗ್ ಅಜ಼ಾಫ್ ಎಂಬ ವ್ಯವಸ್ಥಾಪಕರು ಗುರುತಿಸಿದರು. ವ್ಯಾಸಂಗ ಅರ್ಧಕ್ಕೇ ನಿಂತಿತು.

1972ರಲ್ಲಿ ಹೊರಬಂದ ಪ್ರಥಮ ಸಂಪುಟ 'ಹೋಮ್ ಫ್ರೀ' ವಿಶೇಷ ಗಮನವನ್ನು ಸೆಳೆಯಲಿಲ್ಲ. ಎರಡು ವರ್ಷಗಳ ತರುವಾಯ ಜೋ ವಾಲ್ಶ್ ಅವರ ನಿರ್ಮಾಣದಲ್ಲಿ ಬಂದ 'ಸುವನಿಯರ್ಸ್' ಅವರ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು. 1977ರ 'ನೆದರ್ ಲ್ಯಾಂಡ್ಸ್' ಸಂಪುಟದ ಶೀರ್ಷಿಕೆಗೀತೆಯಲ್ಲಿ ಗಿಟಾರ್ ಹಿಂದೆ ಸರಿದು ಪೂರ್ಣಪ್ರಮಾಣದ ವಾದ್ಯವೃಂದವೇ ಎದ್ದು ನಿಲ್ಲುತ್ತದೆ. ರಾಕ್ ಗಾಯಕನೊಬ್ಬನಿಗೆ ಇಂಥ ಹಂಬಲವೇಕೆ ಎಂದು ಆಕ್ಷೇಪಿಸುವವರು ಪಿಯೋರಿಯಾದ ಆ ಮನೆಯನ್ನು ಮರೆತಿರುತ್ತಾರೆ. ಒಂದೊಂದು ವಾದ್ಯವನ್ನೂ ತಾವೇ ನುಡಿಸಿ, ತಮ್ಮ ಕಂಠವನ್ನೇ ಪದರಪದರವಾಗಿ ಮುದ್ರಿಸಿ ಒಂದು ಮೇಳವನ್ನಾಗಿ ಹೆಣೆಯುವ ಅವರ ಅಭ್ಯಾಸವೂ, ತಂದೆಯ ವೃತ್ತಿಯನ್ನೇ ಸ್ಟುಡಿಯೋದೊಳಗೆ ಏಕಾಂತದಲ್ಲಿ ಮುಂದುವರಿಸಿದ ಬಗೆಯೆಂದು ನಾವು ಭಾವಿಸುತ್ತೇವೆ. ಕೊಳಲುವಾದಕ ಟಿಮ್ ವೈಸ್‌ಬರ್ಗ್ ಅವರೊಡಗೂಡಿ 1978ರಲ್ಲಿ ಮಾಡಿದ ಸಂಪುಟ, 1980ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ 'ಲಾಂಗರ್' ಎಂಬ ಪ್ರಣಯಗೀತೆ, ಇವು ಕೀರ್ತಿಯನ್ನು ತಂದವು. ಲೆಕ್ಕವಿಲ್ಲದಷ್ಟು ಮದುವೆಗಳಲ್ಲಿ ಹಾಡಲ್ಪಟ್ಟ ಆ ಗೀತೆಯ ಮಾಧುರ್ಯ ತುಸು ಹೆಚ್ಚಾಯಿತೆಂಬ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಅವರ ಸತ್ತ್ವವನ್ನು ಅಳೆಯಲು ಅದು ತಕ್ಕ ಮಾನದಂಡವಲ್ಲ.

ತಕ್ಕ ಮಾನದಂಡ 1981ರ 'ದಿ ಇನೊಸೆಂಟ್ ಏಜ್' ಎಂಬ ಜೋಡಿ ಸಂಪುಟ. ಥಾಮಸ್ ವುಲ್ಫ್‌ರ ಕಾದಂಬರಿಯಿಂದ ಪ್ರೇರಣೆ ಪಡೆದ ಈ ಗೀತಚಕ್ರದಲ್ಲಿ, ಒಂದು ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ತವರೂರಿನ ಅಂಗಡಿಯೊಂದರಲ್ಲಿ ಹಳೆಯ ಪ್ರೇಯಸಿಯನ್ನು ಆಕಸ್ಮಿಕವಾಗಿ ಕಂಡು, ಕಾರಿನಲ್ಲಿ ಕುಳಿತು ಕೆಲಹೊತ್ತು ಮಾತನಾಡಿ ಅಗಲಿದ ಪ್ರಸಂಗ 'ಸೇಮ್ ಓಲ್ಡ್ ಲ್ಯಾಂಗ್ ಸೈನ್' ಎಂಬ ಹಾಡಾಗಿದೆ. ಅದು ನಡೆದ ಘಟನೆ. ಆದರೆ ಹಾಡಿನಲ್ಲಿ ಆಕೆಯ ಕಣ್ಣಿನ ಬಣ್ಣ ಬೇರೆ, ಪತಿಯ ಉದ್ಯೋಗ ಬೇರೆ; ಆಕೆ ಯಾರೆಂಬುದನ್ನು ಕವಿ ತಮ್ಮ ಜೀವಮಾನದಲ್ಲಿ ಬಹಿರಂಗಪಡಿಸಲಿಲ್ಲ. ಆಕೆಯೂ ಅವರ ಮರಣಾನಂತರವೇ ಬಾಯಿಬಿಟ್ಟರು. ಸ್ವಂತ ಬಾಳನ್ನು ಹಾಡಾಗಿಸುವವರು ಪರರ ಬಾಳಿನ ವಿಷಯದಲ್ಲಿ ಪಾಲಿಸಬೇಕಾದ ಮರ್ಯಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ವಿರಳ.

ತದನಂತರದ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕೊಲರಾಡೋದ ಬೆಟ್ಟಗಳಲ್ಲಿ ಹೊಲಮನೆ ಮಾಡಿಕೊಂಡರು. ಮಾರುಕಟ್ಟೆ ಬೇರೊಂದನ್ನು ಬೇಡುತ್ತಿದ್ದ 1985ರಲ್ಲಿ ಡಾಕ್ ವಾಟ್ಸನ್, ರಿಕಿ ಸ್ಕ್ಯಾಗ್ಸ್ ಮೊದಲಾದವರೊಡನೆ ಬ್ಲೂಗ್ರಾಸ್ ಎಂಬ ಗುಡ್ಡಗಾಡಿನ ಜಾನಪದ ಸಂಪ್ರದಾಯದ ಸಂಪುಟವನ್ನು ಹೊರತಂದರು. 2004ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಬಲಿತ ಸ್ಥಿತಿಯಲ್ಲಿ ಪತ್ತೆಯಾಯಿತು. ಗಂಡಸರು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಅಭಿಮಾನಿಗಳನ್ನು ಪ್ರಾರ್ಥಿಸುತ್ತ, 2007ನೆಯ ಡಿಸೆಂಬರ್ 16ರಂದು, ಮೇನ್ ಸಂಸ್ಥಾನದ ಡೀರ್ ಐಲ್ ದ್ವೀಪದ ತಮ್ಮ ಮನೆಯಲ್ಲಿ, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಿಯೋರಿಯಾದಲ್ಲಿ ಅವರು ಓದಿದ ಶಾಲೆಯ ಪಕ್ಕದ ಬೀದಿಗೆ ಈಗ ಅವರ ಹೆಸರಿದೆ.

ಇನ್ನು ನಮ್ಮ ಕಾರಣಕ್ಕೆ ಬರುತ್ತೇವೆ. 'ದಿ ಇನೊಸೆಂಟ್ ಏಜ್' ಸಂಪುಟದಲ್ಲಿಯೇ 'ಲೀಡರ್ ಆಫ್ ದಿ ಬ್ಯಾಂಡ್' ಎಂಬ ಹಾಡಿದೆ. ಬೆರಳುಗಳು ಬಿಡಿಬಿಡಿಯಾಗಿ ಮೀಟುವ ಗಿಟಾರಿನ ನಾದ, ಅದರ ಮೇಲೆ ಎಲ್ಲಿಯೂ ಏರದ ಕಂಠ, ಆರಂಭದಲ್ಲಿ ಇಷ್ಟೇ. ವಾದ್ಯವೃಂದಗಳ ಮೋಹವಿದ್ದ ಕಲಾವಿದನು, ವಾದ್ಯವೃಂದವನ್ನೇ ಉಸಿರಾಡಿದ ತಂದೆಯನ್ನು ಕುರಿತು ಹಾಡುವಾಗ ವೈಭವವನ್ನೆಲ್ಲ ತೊರೆದು ಒಂದು ಗಿಟಾರನ್ನು ಮಾತ್ರ ಕೈಗೆತ್ತಿಕೊಳ್ಳುವುದರಲ್ಲಿ ದೊಡ್ಡ ವಿವೇಕವಿದೆ. ಹಾಡು ತಂದೆಯ ವಾತ್ಸಲ್ಯವನ್ನು ನೆನೆದಂತೆಯೇ ಅವರ ಕಾಠಿಣ್ಯವನ್ನೂ ನೆನೆದು ಅದಕ್ಕೂ ಋಣಿಯಾಗುತ್ತದೆ. ಹೊರಟುಹೋಗುವ ಕಾಲ ಬಂದಾಗ ಮಗನನ್ನು ತಡೆಯದೆ ಬಿಟ್ಟುಕೊಟ್ಟ ಔದಾರ್ಯವನ್ನು ಸ್ಮರಿಸುತ್ತದೆ. ಬೇರೆ ಬೇರೆ ಊರುಗಳಿಗೆ ಹೋದ ಅಣ್ಣಂದಿರನ್ನು ಪ್ರಸ್ತಾಪಿಸಿ, ತನ್ನ ಬಾಳು ಆ ಹಿರಿಯನ ಬಾಳನ್ನು ಅನುಕರಿಸಲು ಮಾಡಿದ ಅಲ್ಪ ಯತ್ನವೆಂದು ಒಪ್ಪಿಕೊಳ್ಳುತ್ತದೆ. ತಂದೆಯನ್ನು ದೇವರಾಗಿಸುವ ಆಡಂಬರ ಎಲ್ಲಿಯೂ ಇಲ್ಲ. ಕೊನೆಯಲ್ಲಿ, ಹಾಡು ಮುಗಿಯಿತೆನ್ನುವಾಗ, ಶಾಲಾ ಬ್ಯಾಂಡುಗಳು ತಲೆಮಾರುಗಳಿಂದ ನುಡಿಸುತ್ತ ಬಂದಿರುವ ಸೂಸಾ ಅವರ 'ವಾಷಿಂಗ್ಟನ್ ಪೋಸ್ಟ್' ಮಾರ್ಚಿನ ತುಣುಕೊಂದು ಹಿತ್ತಾಳೆಯ ವಾದ್ಯಗಳಲ್ಲಿ ಕೇಳಿಬರುತ್ತದೆ. ಪಿಯೋರಿಯಾದ ಉಪಾಧ್ಯಾಯರ ನಿತ್ಯದ ಸಂಗೀತವೇ ಮಗನ ಹಾಡಿಗೆ ಮಂಗಳವಾಗಿದೆ.

ಹಾಡು ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನವನ್ನು ಮುಟ್ಟಿತು. ಅದಕ್ಕಿಂತ ಮುಖ್ಯವಾದ ಸಂಗತಿ, ಲಾರೆನ್ಸ್ ಫೋಗಲ್‌ಬರ್ಗ್ ಅದನ್ನು ಕೇಳಲು ಬದುಕಿದ್ದರು. ಆಯುಷ್ಯವಿಡೀ ಮೇಳದ ಮುಂದೆ, ಕೇಳುಗರಿಗೆ ಬೆನ್ನು ಮಾಡಿ ನಿಂತಿದ್ದ ಅವರನ್ನು ಪತ್ರಿಕೆಯವರು ಹುಡುಕಿಕೊಂಡು ಬಂದು ಮಾತನಾಡಿಸಿದರು. 1982ರ ಆಗಸ್ಟಿನಲ್ಲಿ ಅವರು ನಿಧನರಾದರು. ಒಂದೆರಡು ವರ್ಷ ತಡವಾಗಿದ್ದರೆ ಅದೇ ಹಾಡು ಚರಮಗೀತೆಯಾಗುತ್ತಿತ್ತು; ಅದರ ಒಂದಕ್ಷರವೂ ಯಾರಿಗಾಗಿ ರಚಿತವಾಯಿತೋ ಅವರ ಕಿವಿಗೆ ಬೀಳುತ್ತಿರಲಿಲ್ಲ.

ಕಲಿಸಿದವರನ್ನು ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮಾತ್ರ ವರ್ಣಿಸುವ ಪರಿಪಾಠ ನಮ್ಮಲ್ಲಿ ಬಲವಾಗಿ ಬೇರೂರಿದೆ. ನಮ್ಮ ಪತ್ರಿಕೆಯ ಹಳೆಯ ಸಂಪುಟಗಳೂ ಅದಕ್ಕೆ ಹೊರತಲ್ಲ. ಆದಕಾರಣ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ: ನಿಮಗೆ ಸ್ವರ ಹೇಳಿಕೊಟ್ಟ, ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ನುಡಿಸಿದ, ಮೇಳ ಕಟ್ಟಿ ಹಬ್ಬಕ್ಕೆ ಹಾಡಿಸಿದ ಹಿರಿಯರು ಇಂದಿಗೂ ನಮ್ಮೊಡನಿದ್ದರೆ, ಅವರನ್ನು ಕುರಿತು ನಾಲ್ಕು ಮಾತು ಬರೆದು ಕಳುಹಿಸಿ, ಪ್ರಕಟವಾದ ಸಂಚಿಕೆಯನ್ನು ನೀವೇ ಕೊಂಡೊಯ್ದು ಅವರಿಗೆ ಓದಿಹೇಳಿ. ಮುಂದಿನ ಸಂಚಿಕೆಯಿಂದ ಇಂಥ ಬರಹಗಳಿಗೆಂದೇ ಎರಡು ಪುಟಗಳನ್ನು ತೆಗೆದಿರಿಸಿದ್ದೇವೆ.