ಊರ ಮುಂದಿನ ಕೆರೆ ಬಿಟ್ಟು ಊಟಿಗೆ ಓಟ!

ರಜೆ ಬಂತೆಂದರೆ ಹುಬ್ಬಳ್ಳಿಯ ಮಂದಿಗೆ ಎರಡೇ ದಾರಿ ಗೊತ್ತು. ಕಿಸೆ ಗಟ್ಟಿ ಇದ್ದವರು ಊಟಿ, ಕೊಡೈಕನಾಲ್, ಗೋವಾ ಎಂದು ಗಂಟುಮೂಟೆ ಕಟ್ಟುತ್ತಾರೆ. ಕಿಸೆ ಸಣ್ಣದಿದ್ದವರು ಮನೆಯಲ್ಲೇ ಕುಂತು ಟೀವಿ ನೋಡುತ್ತಾರೆ. ದೇಶಪಾಂಡೆ ನಗರದ ಯಾವುದೇ ಅಂಗಡಿಯ ಮುಂದೆ ನಿಂತು, "ಯಾಕ್ರೀ ಸಾವಕಾರ್ರ, ರವಿವಾರ ಎಲ್ಲೂ ಹೋಗಂಗಿಲ್ಲೇನ್ರಿ?" ಎಂದು ಕೇಳಿ ನೋಡಿ. "ಏನೈತ್ರಿ ಇಲ್ಲಿ ನೋಡಾಕ? ಧೂಳ ಬಿಟ್ರ ಮತ್ತೇನೈತಿ?" ಎಂಬ ಉತ್ತರ ತಕ್ಕಡಿ ಕೆಳಗಿಡುವ ಮೊದಲೇ ಬರುತ್ತದೆ.

ಧೂಳು ಇದೆ, ನಿಜ. ಆದರೆ ಅದೇ ದೇಶಪಾಂಡೆ ನಗರದಿಂದ ಎರಡು-ಎರಡೂವರೆ ತಾಸಿನ ಬಸ್ ದಾರಿಯೊಳಗೆ ಒಂದು ಕೆರೆಸೀಮೆಯೇ ಹಬ್ಬಿಕೊಂಡಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಎರೆಹೊಲದ ಬಯಲು. ನಡುವಿನ ಈ ಪಟ್ಟಿಯಲ್ಲಿ ಬಿದ್ದ ಮಳೆ ಎರಡೂ ಕಡೆ ಹರಿದು ಹೋಗುತ್ತದೆ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಹೊಳೆ ಬೇಡ್ತಿಯನ್ನು ಸೇರಿ ಅರಬ್ಬಿ ಸಮುದ್ರದ ಹಾದಿ ಹಿಡಿಯುತ್ತದೆ. ಬೆಣ್ಣೆಹಳ್ಳದ ನೀರು ಮಲಪ್ರಭೆ, ಕೃಷ್ಣೆಯರ ಕೈಹಿಡಿದು ಬಂಗಾಳ ಉಪಸಾಗರಕ್ಕೆ ಹೋಗುತ್ತದೆ. ಹೀಗೆ ಓಡಿ ಹೋಗುವ ನೀರನ್ನು ಹಿಡಿದು ನಿಲ್ಲಿಸಲು ಹಿಂದಿನವರು ಒಡ್ಡು ಹಾಕಿದರು, ತೂಬು ಇಟ್ಟರು, ಹೆಚ್ಚಾದ ನೀರು ಹೋಗಲು ಕೋಡಿ ಬಿಟ್ಟರು. ಕೆರೆಯ ಮಗ್ಗುಲಿಗೇ ಗುಡಿ ಕಟ್ಟಿದರು, ಊರು ಕಟ್ಟಿದರು. ಇವು ದೇವರು ಕೊಟ್ಟ ಸರೋವರಗಳಲ್ಲ, ಮನುಷ್ಯರು ಬೆವರು ಸುರಿಸಿ ಕಟ್ಟಿದ ಕೆರೆಗಳು. ಅದಕ್ಕೇ ಮನುಷ್ಯರು ಮರೆತರೆ ಇವು ಉಳಿಯುವುದಿಲ್ಲ. ಇವತ್ತಿನ ಮಾತು ಇಷ್ಟೇ.

ಮಗ್ಗುಲಲ್ಲೇ ಉಣಕಲ್

ದೂರ ಹೋಗುವುದು ಬೇಡ. ಚಿಗರಿ ಬಸ್ ಹತ್ತಿದರೆ ಧಾರವಾಡದ ದಾರಿಯಲ್ಲೇ ಉಣಕಲ್ ಕೆರೆ. ನೀರಿನ ನಡುವೆ ಸ್ವಾಮಿ ವಿವೇಕಾನಂದರ ಮೂರ್ತಿ, ದಂಡೆಯ ಮೇಲೆ ಸಂಜೆಯ ಗಾಳಿ, ಗಿರಮಿಟ್ಟು-ಮಿರ್ಚಿ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಉಣಕಲ್ ಊರೊಳಗೆ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ, ಅದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು ಇವೆ ಎಂಬುದು ದಿನಾ ಅದೇ ರಸ್ತೆಯಲ್ಲಿ ಹೋಗಿ ಬರುವವರಿಗೂ ಗೊತ್ತಿಲ್ಲ. ಗುಡಿ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮನೆಗಳು ಮಾತ್ರ ಗೋಡೆಗೆ ಗೋಡೆ ಹಚ್ಚಿಕೊಂಡು ಸುತ್ತ ಮುತ್ತಿವೆ.

ಅದೇ ಬಸ್ಸಿನಲ್ಲಿ ಮುಂದೆ ಹೋದರೆ ಧಾರವಾಡ. ಅಲ್ಲಿ ಸಾಧನಕೇರಿ. 1973ರ ಜ್ಞಾನಪೀಠ ಪ್ರಶಸ್ತಿ ಪಡೆದ ವರಕವಿ ದ. ರಾ. ಬೇಂದ್ರೆಯವರ ಮನೆ ಇರುವುದು ಈ ಕೆರೆಯ ಹತ್ತಿರವೇ. ಊರಿನ ಹೆಸರೇ ಕೆರೆಯಿಂದ ಬಂದದ್ದು. ಗೋವಾ ರಸ್ತೆ ಹಿಡಿದರೆ ಕೆಲಗೇರಿ ಕೆರೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಬರುವಾಗ ಪೇಡೆ ತರುವುದು ಅವರವರಿಗೆ ಬಿಟ್ಟದ್ದು.

ಕಾರವಾರ ರಸ್ತೆ ಹಿಡಿದರೆ

ಒಂದು ಇಡೀ ದಿನ ಕೈಯಲ್ಲಿದ್ದರೆ ಕಾರವಾರ ರಸ್ತೆಯ ಬಸ್ ಹತ್ತಬೇಕು. ಮೊದಲು ಸಿಗುವುದು ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿ. ಈ ತಾಲೂಕಿನ ದುಮ್ಮವಾಡದ ಹತ್ತಿರ ನೀರಸಾಗರ ಇದೆ. ಮಲಪ್ರಭೆಯ ನೀರು ಬರುವ ಮೊದಲು ಹುಬ್ಬಳ್ಳಿಯ ನೀರಡಿಕೆ ತಣಿಸಿದ್ದು ಇದೇ. ಉಂಡ ಮನೆಯನ್ನು ಮರೆಯಬಾರದು ಎನ್ನುವ ಊರಿನವರು ಕುಡಿದ ಕೆರೆಯನ್ನು ಮರೆತದ್ದು ಹೇಗೆ? ಕಾಡಿನ ಅಂಚಿಗೆ ತಂಬೂರು. ಅಲ್ಲಿ ಬಸವಣ್ಣನ ಗುಡಿಯೂ ಉಂಟು, ಕೆರೆಯೂ ಉಂಟು.

ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ ಯಲ್ಲಾಪುರ. ಮಾಗೋಡ ಜಲಪಾತ ನೋಡಲು ಹೋಗುವವರ ಕಾರುಗಳ ಸಾಲು ಅಲ್ಲಿ ಕಾಣುತ್ತದೆ. ಅವರಲ್ಲಿ ಬಹಳ ಮಂದಿ ಕವಡಿಕೆರೆಯನ್ನು ನೋಡದೆ ಹಿಂದಿರುಗುತ್ತಾರೆ. ಸುತ್ತಲೂ ಕಾಡು, ನಡುವೆ ಹಾಸಿದ ಕನ್ನಡಿಯಂಥ ನೀರು, ದಂಡೆಯಲ್ಲಿ ದೇವಿಯ ಗುಡಿ. ಇದಕ್ಕಿಂತ ಊಟಿಯಲ್ಲಿ ಹೆಚ್ಚಿನದೇನು ಸಿಗುತ್ತದೆ? ಚಳಿಯೊಂದನ್ನು ಬಿಟ್ಟು!

ಇನ್ನು ಹುಬ್ಬಳ್ಳಿಯಿಂದ ತಡಸದ ಮೇಲೆ ಶಿರಸಿ ಕಡೆಗೆ ಹೊರಟರೆ ಮುಂಡಗೋಡ. 1966ರಿಂದ ಇಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಅವರ ದೊಡ್ಡ ಮಠಗಳು, ಬಣ್ಣದ ಬಾವುಟಗಳು ಮೆಕ್ಕೆಜೋಳದ ಹೊಲಗಳ ನಡುವೆ ಬೇರೆಯದೇ ದೇಶವನ್ನು ತಂದು ನಿಲ್ಲಿಸಿವೆ. ಅದೇ ತಾಲೂಕಿನ ಅತ್ತಿವೇರಿ ಜಲಾಶಯ ಈಗ ಪಕ್ಷಿಧಾಮ. ಚಮಚದಂಥ ಕೊಕ್ಕಿನ ಹಕ್ಕಿಯನ್ನು ಪುಸ್ತಕದ ಚಿತ್ರದಲ್ಲಿ ನೋಡಿದ ಮಕ್ಕಳು ಇಲ್ಲಿ ಕಣ್ಣಾರೆ ನೋಡಬಹುದು.

ದಕ್ಷಿಣಕ್ಕೆ ಹೋದರೆ ಬಂಕಾಪುರ. ಕೋಟೆಯೊಳಗೆ ನಗರೇಶ್ವರ ಗುಡಿ, ಕೋಟೆಯ ಕಂದಕದಲ್ಲಿ ನವಿಲು. ಅಲ್ಲಿಂದ ಮುಂದೆ ಹಾನಗಲ್ಲ. ಪಾಂಡವರು ಅಡಗಿದ್ದ ವಿರಾಟನಗರ ಇದೇ ಎಂದು ಊರ ಹಿರಿಯರು ಇವತ್ತಿಗೂ ಹೇಳುತ್ತಾರೆ. ತಾರಕೇಶ್ವರ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ಕಲ್ಲಿನಲ್ಲಿ ಅರಳಿದ ಕಮಲ. ಊರಿಗೆ ಹೊಂದಿ ಆನಿಕೆರೆ. ಕತೆಯೂ ಶಿಲ್ಪವೂ ನೀರೂ ಒಂದೇ ಊರಿನಲ್ಲಿ ಸಿಗುವುದು ಸಣ್ಣ ಮಾತಲ್ಲ.

ಬಯಲುಸೀಮೆಗೂ ಬಂದ ಭಾಗ್ಯ

ಪೂರ್ವದ ಬಯಲೆಂದರೆ ಬರೀ ಹತ್ತಿ, ಮೆಣಸಿನಕಾಯಿ ಎಂದು ತಿಳಿದವರು ಚಳಿಗಾಲದಲ್ಲಿ ಒಮ್ಮೆ ಮಾಗಡಿಗೆ ಹೋಗಬೇಕು. ಬೆಂಗಳೂರ ಕಡೆಯ ಮಾಗಡಿ ಅಲ್ಲ, ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನದು. ಗದಗಿನಿಂದ ಸುಮಾರು 26 ಕಿ.ಮೀ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಈ ಕೆರೆಗೆ ಬಂದು ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇಯ್ದು, ಕೆರೆಯಲ್ಲಿ ವಿಶ್ರಮಿಸಿ, ಬೇಸಿಗೆ ಬರುವ ಹೊತ್ತಿಗೆ ಹೊರಟು ಹೋಗುತ್ತವೆ. 2024ರ ಜನವರಿಯಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ನೆಲಗಳ ಯಾದಿಗೆ ಸೇರಿತು. ಹಿಮಾಲಯದಾಚೆಯ ಹಕ್ಕಿಗೆ ದಾರಿ ಗೊತ್ತು. ಹುಬ್ಬಳ್ಳಿಯ ಮಂದಿಗೆ ಗೊತ್ತಿಲ್ಲ!

ಹತ್ತಿರದ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಹೆಸರಿನಲ್ಲೇ ಕೆರೆ ಇದೆ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡೆಂದು ಹೆಸರಿಸಿದ ಊರುಗಳಲ್ಲಿ ಇದೂ ಒಂದು. ಗದಗಿನಿಂದ ಮುಂಡರಗಿ ಕಡೆಗೆ ಹೋದರೆ ಡಂಬಳ. ನಕ್ಷತ್ರದ ಆಕಾರದ ದೊಡ್ಡಬಸಪ್ಪನ ಗುಡಿ, ಮೆಟ್ಟಿಲು ಇಳಿದು ಹೋಗುವ ಜಪದ ಬಾವಿ, ಅದರ ಜೊತೆಗೆ ವಿಶಾಲ ಕೆರೆ. 1095ರ ಶಾಸನವೊಂದು ಇಲ್ಲಿ ಬೌದ್ಧ ವಿಹಾರ ಇದ್ದುದನ್ನು ಹೇಳುತ್ತದೆ.

ನೋಡುವವರಿಲ್ಲದ ಕೆರೆಗೆ ದಿಕ್ಕಿಲ್ಲ

ಇಷ್ಟೆಲ್ಲ ಇದ್ದೂ ಕೆರೆಗಳ ಗತಿ ಏನಾಗಿದೆ? ಉಣಕಲ್ ಕೆರೆಗೆ ಹೊಲಸು ನೀರು ಸೇರಿ ಜಲಕಳೆ ಹಬ್ಬಿದ ದೂರು ಇಂದು ನಿನ್ನೆಯದಲ್ಲ. ಕಳೆ ತೆಗೆಯುತ್ತಾರೆ, ಅದು ಮತ್ತೆ ಬೆಳೆಯುತ್ತದೆ. ಹೊಲಸು ಬರುವ ಬಾಯಿ ಮುಚ್ಚದೆ ಕಳೆ ತೆಗೆಯುವುದೆಂದರೆ ತೂತು ಕೊಡಕ್ಕೆ ನೀರು ತುಂಬಿದಂತೆ. ಹಳ್ಳಿಯ ಕೆರೆಗಳ ಕತೆ ಬೇರೆ. ಅಲ್ಲಿ ಹೂಳು ತುಂಬುತ್ತದೆ, ನೀರಿನ ಅಂಚಿಗೆ ಒಬ್ಬ ಬೇಲಿ ಹಾಕುತ್ತಾನೆ, ಎರಡು ವರ್ಷ ಬಿಟ್ಟು ಅವನ ಮಗ್ಗುಲಿಗೆ ಇನ್ನೊಬ್ಬ. ಯಾರೂ ಕೇಳುವುದಿಲ್ಲ, ಯಾಕೆಂದರೆ ಯಾರೂ ನೋಡಿರುವುದಿಲ್ಲ. ಕೆರೆಗಳ ರಕ್ಷಣೆಗೆಂದೇ 2014ರಲ್ಲಿ ರಾಜ್ಯ ಕಾಯ್ದೆ ಮಾಡಿತು. ಕಾಯ್ದೆ ಕಪಾಟಿನಲ್ಲಿರುತ್ತದೆ, ಕೆರೆ ಬಯಲಿನಲ್ಲಿರುತ್ತದೆ. ಎರಡನ್ನೂ ಕೂಡಿಸಬೇಕಾದವರು ಜನ.

ಇಂಗ್ಲೆಂಡಿನ ಉತ್ತರಕ್ಕೂ ಒಂದು ಸರೋವರಗಳ ಸೀಮೆ ಇದೆ. 1844ರಲ್ಲಿ ಅಲ್ಲಿಗೆ ರೈಲು ತರುವ ಮಾತು ಎದ್ದಾಗ ಕವಿ ವರ್ಡ್ಸ್‌ವರ್ತ್ ಬಲವಾಗಿ ವಿರೋಧಿಸಿದ. ಆದರೂ 1847ರಲ್ಲಿ ವಿಂಡರ್ಮಿಯರ್ ತನಕ ರೈಲು ಬಂತು, ಗಿರಣಿಯೂರುಗಳ ಸಾಮಾನ್ಯ ಜನ ಬಂದರು. ಕೆರೆಯ ಸುತ್ತಲಿನ ಹಳ್ಳಿಗಳು ಅವರಿಂದಲೇ ಬದುಕಿದವು. 2017ರಲ್ಲಿ ಆ ಸೀಮೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲೂ ಹೊಲಸು ನೀರಿನ ಕಾಟ ತಪ್ಪಿಲ್ಲ. ಆದರೆ ವಿಂಡರ್ಮಿಯರ್ ನೀರು ಪಾಚಿಗಟ್ಟಿದರೆ ಆ ದೇಶದ ಪತ್ರಿಕೆಗಳಲ್ಲೆಲ್ಲ ಕೂಗು ಏಳುತ್ತದೆ, ಜನ ಬೀದಿಗಿಳಿಯುತ್ತಾರೆ. ಕಂಡು ಪ್ರೀತಿಸಿದ ನೀರಿಗಾಗಿ ಕೂಗುವವರು ಇರುತ್ತಾರೆ. ಕಾಣದ ನೀರಿಗಾಗಿ ಕೂಗುವವರು ಯಾರು?

ಆಗಬೇಕಾದದ್ದು ಏನು?

ಕೋಟಿಗಟ್ಟಲೆ ರೊಕ್ಕದ ಯೋಜನೆ ಬೇಕಿಲ್ಲ. ಬೋಟು, ಕಾರಂಜಿ, ಬಣ್ಣದ ದೀಪ ಆಮೇಲೆ ಆದೀತು.

ಮೊದಲನೆಯದು ಬಸ್. ಮಳೆಗಾಲದಲ್ಲಿ ಜೋಗಕ್ಕೆ ವಿಶೇಷ ಬಸ್ ಬಿಟ್ಟ ಅನುಭವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಇದೆ. ಅದೇ ರೀತಿ ರವಿವಾರಕ್ಕೊಂದು ಕೆರೆಸೀಮೆಯ ಬಸ್ ಬಿಡಲಿ. ಒಂದು ವಾರ ಕಾರವಾರ ರಸ್ತೆ, ಒಂದು ವಾರ ಮುಂಡಗೋಡ, ಒಂದು ವಾರ ಹಾನಗಲ್ಲ, ಚಳಿಗಾಲದಲ್ಲಿ ಮಾಗಡಿ. ಬಸ್ ನಿಲ್ದಾಣದಲ್ಲಿ ಹೋಗುವ ಹೊತ್ತು, ತಿರುಗಿ ಬರುವ ಕಡೆಯ ಬಸ್ಸಿನ ಹೊತ್ತು ಬರೆದ ಫಲಕ ಹಾಕಲಿ. "ಹೋಗೋದು ಹೋಗಬಹುದ್ರೀ, ಹೊಳ್ಳಿ ಬರೋದು ಹ್ಯಾಂಗ?" ಎಂಬ ಅಂಜಿಕೆಯೇ ಹೆಂಗಸರನ್ನು, ಮುದುಕರನ್ನು ಮನೆಯಲ್ಲಿ ಕೂಡಿಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಇನ್ನು ಬೇಕಾದದ್ದು ಹೊತ್ತಿಗೆ ಸರಿಯಾಗಿ ಬರುವ ಬಸ್.

ಎರಡನೆಯದು ಪಾಯಖಾನೆ, ಕುಡಿಯುವ ನೀರು, ನೆರಳು. ಇದು ಆಯಾ ಪಂಚಾಯಿತಿಯ ಕೆಲಸ. ಬಂದ ಹೆಣ್ಣುಮಕ್ಕಳು ಗಿಡದ ಮರೆ ಹುಡುಕುವಂತಾದರೆ ಮತ್ತೊಮ್ಮೆ ಬರುವುದಿಲ್ಲ. ಊರಿನ ಸ್ತ್ರೀಶಕ್ತಿ ಸಂಘದವರು ರೊಟ್ಟಿ, ಪಲ್ಯ, ಚಹಾ ಮಾರಿದರೆ ಅವರಿಗೂ ನಾಲ್ಕು ಕಾಸು, ಬಂದವರಿಗೂ ಹೊಟ್ಟೆ ತುಂಬ ಊಟ. ಮೂರನೆಯದು ಉಣಕಲ್. ಊರ ಕಣ್ಣೆದುರಿನ ಕೆರೆಗೆ ಹೊಲಸು ಬರುವುದನ್ನು ಮಹಾನಗರ ಪಾಲಿಕೆಯ ಧುರೀಣರು ತಡೆಯದಿದ್ದರೆ ದೂರದ ಹಳ್ಳಿಯವರಿಗೆ ಬುದ್ಧಿ ಹೇಳುವ ಅಧಿಕಾರ ಯಾರಿಗೂ ಇಲ್ಲ.

ವ್ಯಾಪಾರಸ್ಥರಿಗೂ ಒಂದು ಮಾತು. ಊಟಿಗೆ ಹೋದ ರೊಕ್ಕ ಊಟಿಯಲ್ಲೇ ಉಳಿಯುತ್ತದೆ. ಕಲಘಟಗಿಗೆ, ಲಕ್ಷ್ಮೇಶ್ವರಕ್ಕೆ ಹೋದ ರೊಕ್ಕ ಸಂತೆಯ ದಿನ ಅರಿವೆಗೆ, ಪಾತ್ರೆಗೆ, ಬೀಜ-ಗೊಬ್ಬರಕ್ಕೆ ಮತ್ತೆ ಹುಬ್ಬಳ್ಳಿಯ ಗಲ್ಲಾಪೆಟ್ಟಿಗೆಗೇ ಬರುತ್ತದೆ. ಇದು ಪುಣ್ಯದ ಲೆಕ್ಕ ಅಲ್ಲ, ಖಾತೆ ವಹಿಯ ಲೆಕ್ಕ.

ಹೋಗುವವರಿಗೂ ಜವಾಬ್ದಾರಿ ಇದೆ. ಬುತ್ತಿ ಕಟ್ಟಿಕೊಂಡು ಹೋಗಿ ಒಡ್ಡಿನ ಮೇಲೆ ಕುಂತು ಉಣ್ಣಲಿ, ಖಾಲಿ ಬಾಟಲಿ, ಚೀಲಗಳನ್ನು ತಿರುಗಿ ತರಲಿ. ಹಕ್ಕಿಗೆ ಕಲ್ಲು ಒಗೆಯುವ ಹುಡುಗರ ಕಿವಿ ಹಿಂಡಲಿ. ನೀರಿನಂಚಿಗೆ ಹೊಸ ಬೇಲಿ ಕಂಡರೆ ಪಂಚಾಯಿತಿಗೆ ಒಂದು ಅರ್ಜಿ ಬರೆಯಲಿ.

ಬೇಲಿ ಹಾಕಿ ಕಾಯುತ್ತೇವೆಂದರೆ ಬೇಲಿ ಮುರಿಯುವವರು ಇದ್ದೇ ಇರುತ್ತಾರೆ. ವಾರಕ್ಕೆ ನೂರು ಜನ ಒಡ್ಡಿನ ಮೇಲೆ ಅಡ್ಡಾಡುವ ಕೆರೆಯನ್ನು ನುಂಗಲು ಎಂಥ ಧೈರ್ಯಸ್ಥನೂ ಎರಡು ಸಲ ವಿಚಾರ ಮಾಡುತ್ತಾನೆ. ಸಾರಿಗೆ ಸಂಸ್ಥೆಯವರು ಮೊದಲ ಬಸ್ ಬಿಡಲಿ. ಹತ್ತಲು ಮಂದಿ ಸಿದ್ಧರಿದ್ದಾರೆ.