ಎಕ್ಸ್‌-ರೇ ದರಪಟ್ಟಿ ಮತ್ತು ಪೂರ್ವಸಿದ್ಧತೆಯ ಮಾಹಿತಿಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ,
ತುಮಕೂರು.

ಇವರಿಂದ,
ತಿಪಟೂರು ತಾಲ್ಲೂಕಿನ ತೆಂಗು ಬೆಳೆಗಾರರು, ಮರ ಹತ್ತುವವರು ಮತ್ತು ಕೂಲಿಕಾರರು.

ವಿಷಯ: ಖಾಸಗಿ ಎಕ್ಸ್‌-ರೇ ಕೇಂದ್ರಗಳು ಹೋಲಿಸಿ ನೋಡಬಹುದಾದ ದರಪಟ್ಟಿ ಹಾಕುವ ಹಾಗೂ ಪೂರ್ವಸಿದ್ಧತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತೆಂಗಿನ ಸೀಮೆಯ ನಮಗೆ ಎಕ್ಸ್‌-ರೇ ಅಪರೂಪದ ಪರೀಕ್ಷೆಯಲ್ಲ. ಮರದಿಂದ ಬಿದ್ದವರು, ಹೆಗಲಿಗೆ ಕಾಯಿ ಬಡಿದವರು, ಬೈಕ್‌ನಿಂದ ಜಾರಿದವರು ಮೊದಲು ಹೋಗುವುದು ಅಲ್ಲಿಗೇ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಂತೆ ದರಗಳನ್ನು ಜನರಿಗೆ ಕಾಣುವಂತೆ ಹಾಕಬೇಕು. ಆದರೆ ಗೋಡೆಯ ಮೇಲೆ ‘ಎಕ್ಸ್‌-ರೇ’ ಎಂದು ಒಂದೇ ಮೊತ್ತ ಬರೆದಿದ್ದರೆ ಯಾರಿಗೂ ಏನೂ ತಿಳಿಯದು. ಮುರಿದ ಕೈಗೆ ಸಾಮಾನ್ಯವಾಗಿ ನೇರವಾಗಿ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ಚಿತ್ರ ಬೇಕು. ಬರೆದಿರುವ ದರ ಒಂದು ಚಿತ್ರದ್ದೋ ಎರಡರದ್ದೋ? ಫಿಲ್ಮ್ ಸೇರಿದೆಯೋ ಇಲ್ಲವೋ? ರೇಡಿಯಾಲಜಿಸ್ಟ್ ಬರೆಯುವ ವರದಿಗೆ, ರಾತ್ರಿ ವೇಳೆಗೆ ಬೇರೆ ಹಣವೇ? ಇವು ಸ್ಪಷ್ಟವಾಗುವವರೆಗೆ ಎರಡು ಕೇಂದ್ರಗಳ ದರ ಹೋಲಿಸಲಾಗದು. ಅಗ್ಗವೆಂದು ಹೋದ ಕಡೆ ವರದಿಯೇ ಸಿಗದಿದ್ದರೆ, ಚಿತ್ರವನ್ನು ಓದಿಸಲು ಮತ್ತೊಂದು ಖರ್ಚು.

ಸಿದ್ಧತೆ ತಿಳಿಯದಿದ್ದರೂ ಖರ್ಚು ಏರುತ್ತದೆ. ಎದೆ, ಕೈಕಾಲಿನ ಎಕ್ಸ್‌-ರೇಗೆ ಉಪವಾಸ ಬೇಕಿಲ್ಲ. ತಾಳಿ, ಸರ, ತಾಯಿತ, ಲೋಹದ ಹುಕ್ಕುಗಳನ್ನು ಚಿತ್ರ ತೆಗೆಯುವ ಜಾಗದಿಂದ ತೆಗೆದಿಟ್ಟರೆ, ಎದೆಯ ಚಿತ್ರಕ್ಕೆ ಉಸಿರು ಎಳೆದು ಹಿಡಿದರೆ ಸಾಕು. ಮೂತ್ರಪಿಂಡ, ಮೂತ್ರನಾಳಗಳ ಐವಿಪಿ, ಜಠರದ ಬೇರಿಯಂ ಪರೀಕ್ಷೆಗಳ ಕ್ರಮ ಬೇರೆ: ಹೊಟ್ಟೆ ಖಾಲಿ ಇರಬೇಕು. ಐವಿಪಿಗೆ ಮೊದಲೇ ರಕ್ತದ ಕ್ರಿಯಾಟಿನಿನ್ ನೋಡಿಸಿರಬೇಕು, ಅದರಲ್ಲಿ ಚುಚ್ಚುವ ಬಣ್ಣದ ಔಷಧಿ ಹಿಂದೆ ಒಗ್ಗದೆ ಹೋಗಿದ್ದರೆ ತಿಳಿಸಬೇಕು. ಗರ್ಭನಾಳದ ಎಚ್‌ಎಸ್‌ಜಿಯನ್ನು ಮುಟ್ಟಾದ ದಿನದಿಂದ ಹತ್ತು ದಿನದೊಳಗೆ ಮಾಡಿಸುವುದು ರೂಢಿ. ಈ ಕ್ರಮಗಳನ್ನು ಮೊದಲೇ ಹೇಳದೆ, ತಿಂಡಿ ತಿಂದು ಬಂದವರನ್ನು ವಾಪಸ್ ಕಳಿಸಿದರೆ ರೋಗಿಯ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ ಚಾರ್ಜು ಎಲ್ಲವೂ ನಷ್ಟ. ಲೋಹ ಅಡ್ಡ ಬಂದು ಚಿತ್ರ ಮತ್ತೆ ತೆಗೆದರೆ ವಿಕಿರಣವೂ ಎರಡು ಪಟ್ಟು.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು:

1. ದೇಹದ ಭಾಗ ಮತ್ತು ಚಿತ್ರಗಳ ಸಂಖ್ಯೆಗೆ ತಕ್ಕಂತೆ ದರಪಟ್ಟಿ ಇರಲಿ. ಫಿಲ್ಮ್, ವರದಿ, ರಾತ್ರಿ ಶುಲ್ಕಗಳನ್ನು ಪ್ರತ್ಯೇಕ ಕಾಲಂಗಳಲ್ಲಿ ಕನ್ನಡದಲ್ಲಿ ತೋರಿಸಲಿ. ಎಲ್ಲ ಕೇಂದ್ರಗಳಿಗೂ ಒಂದೇ ನಮೂನೆಯನ್ನು ಪ್ರಾಧಿಕಾರವೇ ನಿಗದಿಪಡಿಸಲಿ.

2. ಪರೀಕ್ಷೆಗೆ ಮೊದಲು ಒಟ್ಟು ಮೊತ್ತ ತಿಳಿಸಿ, ನಂತರ ವಿವರವಾದ ರಸೀದಿ ಕೊಡಲಿ.

3. ದಿನ ಗೊತ್ತುಪಡಿಸುವಾಗಲೇ ಸಿದ್ಧತೆಯ ಚೀಟಿಯನ್ನು ಕನ್ನಡದಲ್ಲಿ ಕೊಡಲಿ. ಓದಲು ಬಾರದವರಿಗೆ ಓದಿ ಹೇಳಲಿ. ಮಧುಮೇಹಿಗಳು ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಹೇಗೆ ತೆಗೆದುಕೊಳ್ಳಬೇಕೆಂಬ ವೈದ್ಯರ ಸೂಚನೆಯೂ ಅದರಲ್ಲಿರಲಿ.

4. ಯಂತ್ರದ ಅಥವಾ ಸಿಬ್ಬಂದಿಯ ಲೋಪದಿಂದ ಮತ್ತೆ ತೆಗೆದ ಚಿತ್ರಕ್ಕೆ ಹಣ ಪಡೆಯಬಾರದು.

5. ವೈದ್ಯರು ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು 2002ರ ವೈದ್ಯಕೀಯ ವೃತ್ತಿನೀತಿ ನಿಯಮಗಳು ನಿಷೇಧಿಸಿವೆ. ‘ಪರೀಕ್ಷೆಯನ್ನು ನಿಮಗೆ ಬೇಕಾದ ಕಡೆ ಮಾಡಿಸಬಹುದು’ ಎಂಬ ಫಲಕ ಪ್ರತಿ ಕ್ಲಿನಿಕ್‌ನಲ್ಲೂ ಇರಲಿ.

6. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯನ್ನು ಎದುರಿಗೇ ತೂಗುಹಾಕಲಿ. ಗರ್ಭಿಣಿಯೇ ಎಂದು ಕೇಳದೆ ಯಾವ ಹೆಣ್ಣುಮಗಳಿಗೂ ಎಕ್ಸ್‌-ರೇ ತೆಗೆಯಬಾರದು. ಮಗುವನ್ನು ಹಿಡಿದು ನಿಲ್ಲುವವರಿಗೆ ಸೀಸದ ಏಪ್ರನ್ ಕೊಡಲಿ.

7. ಸರ್ಕಾರಿ ಮತ್ತು ಖಾಸಗಿ ದರಗಳನ್ನು ಅಕ್ಕಪಕ್ಕದಲ್ಲಿಟ್ಟ ತಾಲ್ಲೂಕುವಾರು ಪಟ್ಟಿಯನ್ನು ಗ್ರಾಮ ಪಂಚಾಯಿತಿ ಕಚೇರಿಗಳಲ್ಲಿ ಪ್ರಕಟಿಸಲಿ.

ಎಲ್ಲ ಕೇಂದ್ರಗಳೂ ಒಂದೇ ದರ ಪಡೆಯಬೇಕೆಂದು ನಾವು ಕೇಳುತ್ತಿಲ್ಲ. ಒಳ್ಳೆಯ ಯಂತ್ರಕ್ಕೆ, ತಜ್ಞರ ವರದಿಗೆ ಹೆಚ್ಚು ಹಣ ತಗಲುವುದು ನ್ಯಾಯವೇ. ಯಾವುದಕ್ಕೆ ಎಷ್ಟು ಕೊಡುತ್ತಿದ್ದೇವೆಂದು ಕೊಡುವ ಮೊದಲೇ ನಮಗೆ ತಿಳಿಯಬೇಕು. ತಾವು ಈ ಬೇಡಿಕೆಗಳನ್ನು ಪ್ರಾಧಿಕಾರದ ಮುಂದಿನ ಸಭೆಯಲ್ಲಿ ಮಂಡಿಸಿ, ಕೈಗೊಂಡ ಕ್ರಮವನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ತಾಲ್ಲೂಕಿನ ನಾಗರಿಕರು

ಸ್ಥಳ: ತಿಪಟೂರು

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ತುಮಕೂರು, ತಾಲ್ಲೂಕು ಆರೋಗ್ಯಾಧಿಕಾರಿಗಳು, ತಿಪಟೂರು.